ಟ್ರಾಯ್‌ನಿಂದ ಕುರುಕ್ಷೇತ್ರಕ್ಕೆ: ಬಿ.ಎಂ. ಶ್ರೀಕಂಠಯ್ಯನವರ ಬದುಕು



ಈ ವರ್ಷ ನಮ್ಮ ಕನ್ನಡ ಶಾಲೆಯ ಕಲಿಕೆ ಮುಗಿಸಿ ಹೊರಡುತ್ತಿರುವ ಮಕ್ಕಳಲ್ಲಿ ಪರ್ಸಿ ಜಾಕ್ಸನ್ ಪುಸ್ತಕಗಳನ್ನು ಓದದವರು ಅಪರೂಪ. ಅವನ್ನು ಓದಿಲ್ಲದ ದೊಡ್ಡವರಿಗಾಗಿ ಎರಡು ಮಾತು. ರಿಕ್ ರಿಯೊರ್ಡನ್ ಎಂಬ ಲೇಖಕರು ರಾತ್ರಿ ಮಲಗುವಾಗ ಮಗನಿಗೆ ಗ್ರೀಕ್ ಪುರಾಣದ ಕಥೆ ಹೇಳುತ್ತಿದ್ದರು. ಇದ್ದ ಕಥೆಗಳೆಲ್ಲ ಮುಗಿದ ಮೇಲೆ ಅದೇ ದೇವತೆಗಳನ್ನು ಇಟ್ಟುಕೊಂಡು ಹೊಸದೊಂದು ಕಥೆ ಕಟ್ಟಿದರು. ಅದರ ಮೊದಲ ಪುಸ್ತಕ 2005ರಲ್ಲಿ ಬಂತು. ಅದರಲ್ಲಿ ಒಲಿಂಪಸ್ ಇರುವುದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ, 600ನೇ ಮಹಡಿಯಲ್ಲಿ. ಸಮುದ್ರದೇವ ಪೊಸೈಡನ್ನನ ಮಗ ಶಾಲೆಯಿಂದ ಶಾಲೆಗೆ ಅಲೆಯುವ ಒಬ್ಬ ಅಮೆರಿಕನ್ ಹುಡುಗ. ಅದೇ ಲೇಖಕರ 2010ರ 'ದಿ ಲಾಸ್ಟ್ ಹೀರೋ' ಪುಸ್ತಕದಲ್ಲಿ ನಮ್ಮೆರಡು ಊರುಗಳೂ ಬರುತ್ತವೆ. ಡೆಟ್ರಾಯಿಟ್‌ನ ಪಾಳುಬಿದ್ದ ಕಾರ್ಖಾನೆಯಲ್ಲಿ ಒಕ್ಕಣ್ಣಿನ ಸೈಕ್ಲೋಪ್ಸ್ ರಾಕ್ಷಸರು ಕಾದಿರುತ್ತಾರೆ. ಶಿಕಾಗೊದಲ್ಲಿ ಮಾಟಗಾತಿ ಮೀಡಿಯಾ ದೊಡ್ಡ ಅಂಗಡಿ ತೆರೆದು ಕೂತಿದ್ದಾಳೆ.

ಮಕ್ಕಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ನಾವೇ ಆ ಹೆಸರುಗಳ ನಡುವೆ ಮನೆ ಮಾಡಿಕೊಂಡವರು. ನಮ್ಮಲ್ಲಿ ಎಷ್ಟೋ ಮಂದಿ ಬಾಲಾಜಿಯ ದರ್ಶನಕ್ಕೆ ಹೋಗುವ ಅರೋರ ಊರಿನ ಹೆಸರು ರೋಮನ್ನರ ಉಷೆಯದು. ಮಿಶಿಗನ್ನಿನ ಕನ್ನಡ ಕುಟುಂಬಗಳಿರುವ ಟ್ರಾಯ್ ಪಟ್ಟಣದಲ್ಲಿ ಅಥೆನ್ಸ್ ಎಂಬ ಹೈಸ್ಕೂಲೇ ಇದೆ. ಹಳೆಯ ವೈರಿಗಳು ಒಂದೇ ಸ್ಕೂಲ್ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ ಅನ್ನಬೇಕು.

ಪೋಷಕರ ಕೊರಗು ಬೇರೆ. ಅಥೀನಾ ಯಾರ ಮಗಳು, ಹೇಡೀಸ್ ಯಾವ ಲೋಕದ ಒಡೆಯ ಎಂದು ಕೇಳಿದರೆ ಮಗು ವಂಶಾವಳಿಯನ್ನೇ ಒಪ್ಪಿಸುತ್ತದೆ. ಅಶ್ವತ್ಥಾಮ ಯಾರು ಎಂದರೆ ಮುಖ ನೋಡುತ್ತದೆ. ಪರರ ಪುರಾಣ ನಮ್ಮದನ್ನು ನುಂಗಿತಲ್ಲ ಎಂಬ ಮಾತು ನಮ್ಮ ಶಿಕ್ಷಕರ ಕೋಣೆಯಲ್ಲೂ ಕೇಳಿಬರುತ್ತದೆ. ಆ ಕೊರಗು ಸುಳ್ಳಲ್ಲ. ಆದರೆ ಗ್ರೀಕರ ಕಥೆಯನ್ನು ಕೈಗೆತ್ತಿಕೊಂಡು, ಅದರ ಬೆಳಕಿನಲ್ಲಿ ಅದೇ ಅಶ್ವತ್ಥಾಮನನ್ನು ಹೊಸದಾಗಿ ಕಂಡ ಕನ್ನಡಿಗರೊಬ್ಬರು ಇದ್ದರು. ಆ ನಾಟಕ ಬಂದದ್ದು 1929ರಲ್ಲಿ. ಬರೆದವರು ಬಿ.ಎಂ. ಶ್ರೀಕಂಠಯ್ಯ, ನಾಡೆಲ್ಲ ಕರೆದಂತೆ ಬಿ.ಎಂ.ಶ್ರೀ. ಹೊಟ್ಟೆಪಾಡಿಗೆ ಅವರು ಮಾಡಿದ್ದು ಇಂಗ್ಲಿಷ್ ಮೇಷ್ಟರ ಕೆಲಸ.

ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ಹೆಸರಿನ ಮೊದಲಿನ ಬಿ ಅಂದರೆ ಮನೆತನದ ಊರು ಬೆಳ್ಳೂರು, ಎಂ ಅಂದರೆ ತಂದೆ ಮೈಲಾರಯ್ಯ. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರು. ಹಾಗಾಗಿ ಬಾಲ್ಯ ಕಳೆದದ್ದು ಕಾವೇರಿಯ ದಂಡೆಯಲ್ಲಿ. ಆ ಕಾಲಕ್ಕೆ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಓದುವ ಹುಡುಗರು ಮದರಾಸಿನ ಪದವಿಗೇ ಹೋಗಬೇಕು. ಶ್ರೀಕಂಠಯ್ಯನವರೂ ಹಾಗೆಯೇ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, 1909ರ ಹೊತ್ತಿಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಆಗಿನ ಸ್ಥಿತಿ ನಮಗೆ ಅಷ್ಟೇನೂ ಅಪರಿಚಿತವಲ್ಲ. ಓದಿದ ಕನ್ನಡಿಗರು ಮನೆಯಲ್ಲಿ ಕನ್ನಡ ಆಡುತ್ತಿದ್ದರು. ಗಂಭೀರವಾದದ್ದೇನಾದರೂ ಬಂದರೆ ಇಂಗ್ಲಿಷಿಗೆ ಹೊರಳುತ್ತಿದ್ದರು. ಕಾಗದ, ಭಾಷಣ, ಕಾಲೇಜಿನ ಚರ್ಚೆ ಎಲ್ಲವೂ ಇಂಗ್ಲಿಷ್. ಕನ್ನಡ ಅಂದರೆ ಒಂದು ಕಡೆ ಅಡುಗೆಮನೆಯ ಮಾತು, ಇನ್ನೊಂದು ಕಡೆ ಪಂಡಿತರ ಹಳಗನ್ನಡ. ನಡುವೆ ದೊಡ್ಡ ಬಯಲು. ನಾಡೂ ಹರಿದು ಹಂಚಿಹೋಗಿತ್ತು. ಮೈಸೂರು ಒಡೆಯರ ಸಂಸ್ಥಾನ, ಧಾರವಾಡ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ, ಕಲಬುರಗಿ ನಿಜಾಮರಿಗೆ, ಮಂಗಳೂರು ಬಳ್ಳಾರಿ ಮದರಾಸಿಗೆ, ಕೊಡಗು ಬೇರೆಯೇ. ಒಂದು ಕಡೆ ಮರಾಠಿ, ಒಂದು ಕಡೆ ಉರ್ದು, ಎಲ್ಲದರ ಮೇಲೆ ಇಂಗ್ಲಿಷ್. ಅಲ್ಲಿನ ಎಷ್ಟೋ ಮಕ್ಕಳಿಗೆ ಶಾಲೆಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು.

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಈ ಮೈಸೂರಿನ ಮೇಷ್ಟರನ್ನು ಮಾತಿಗೆ ಕರೆಯಿತು. ಆಗ ಅವರಿಗೆ 27 ವರ್ಷ. ಕನ್ನಡ ಮಾತು ತಲೆ ಎತ್ತುವ ಬಗೆ ಹೇಗೆ ಎಂಬುದೇ ಅವರು ಆರಿಸಿಕೊಂಡ ವಿಷಯ. ಆ ಭಾಷಣದ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಹಳಗನ್ನಡವನ್ನೂ ಸಂಸ್ಕೃತವನ್ನೂ ಗೌರವಿಸೋಣ, ಆದರೆ ಅವುಗಳ ನೆರಳಿನಲ್ಲೇ ಕೂತರೆ ಕನ್ನಡ ಬೆಳೆಯದು, ಜನ ಆಡುವ ಮಾತಿನಲ್ಲಿ ಬರೆಯಬೇಕು, ಇಂಗ್ಲಿಷ್ ಓದಿದವರು ಅಲ್ಲಿ ಕಂಡ ಒಳ್ಳೆಯದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಕನ್ನಡಕ್ಕೆ ತರಬೇಕು. ಇಂಗ್ಲಿಷನ್ನು ಬಿಡಿ ಎಂದು ಅವರು ಎಲ್ಲೂ ಹೇಳಲಿಲ್ಲ. ಇಂಗ್ಲಿಷ್ ಬಲ್ಲವರ ಹೆಗಲಿಗೇ ಕನ್ನಡದ ಭಾರ ಹೊರಿಸಿದರು. ನನಗೆ ಆ ಭಾಷಣದಲ್ಲಿ ಬಹಳ ಹಿಡಿಸುವುದು ಇದೇ.

ಮಾತಾಡಿ ಸುಮ್ಮನಾಗಲಿಲ್ಲ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುತ್ತ ಹೋದರು. 1921ರಲ್ಲಿ ಒಂದು ಸಣ್ಣ ಪುಸ್ತಕ, 1926ರಲ್ಲಿ ಅದೇ ಬೆಳೆದು 'ಇಂಗ್ಲಿಷ್ ಗೀತಗಳು'. ಈ ದಾರಿಯಲ್ಲಿ ಅವರೊಬ್ಬರೇ ನಡೆದರು ಎಂದರೆ ತಪ್ಪಾಗುತ್ತದೆ. ಹಟ್ಟಿಯಂಗಡಿ ನಾರಾಯಣರಾಯರ 'ಆಂಗ್ಲ ಕವಿತಾವಳಿ' 1919ರಲ್ಲೇ ಬಂದಿತ್ತು. ಪಂಜೆ ಮಂಗೇಶರಾಯರು, ಗೋವಿಂದ ಪೈಗಳು ಕರಾವಳಿಯಲ್ಲಿ ಹೊಸ ಹಾಡು ಹಾಡುತ್ತಿದ್ದರು. ಆದರೆ ನಾಡಿನ ಕಿವಿ ತಿರುಗಿಸಿದ್ದು ಶ್ರೀಯವರ ಪುಸ್ತಕ. ಪ್ರತಿ ಸಾಲಿನ ಎರಡನೇ ಅಕ್ಷರಕ್ಕೂ ಪ್ರಾಸ ಕಟ್ಟಲೇಬೇಕೆಂಬ ಹಳೆಯ ಕಟ್ಟಳೆಯನ್ನು ಅವರು ಸಡಿಲಿಸಿದರು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಬೇರೆ ಬೇರೆ ರೀತಿ ಜೋಡಿಸಿ, ಬಾಯಲ್ಲಿ ಸಲೀಸಾಗಿ ಹರಿಯುವ ಪದ್ಯ ಮಾಡಿದರು. ಮುಂದೆ ನವೋದಯದ ಕವಿಗಳು ಹಾಡಿದ್ದು ಬಹುಪಾಲು ಈ ಅಚ್ಚಿನಲ್ಲೇ.

ಊರಿನಲ್ಲಿ ಓದಿದ ಪೋಷಕರಿಗೆ 'ಕಾರಿ ಹೆಗ್ಗಡೆಯ ಮಗಳು' ನೆನಪಿರಬಹುದು. ಪ್ರೀತಿಸಿದವನ ಜೊತೆ ಓಡಿಬಂದ ಹುಡುಗಿ, ಬಿರುಗಾಳಿ, ದೋಣಿ, ದಡದಲ್ಲಿ ನಿಂತು ಗೋಳಿಡುವ ಅಪ್ಪ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ ಎಷ್ಟು ಮಂದಿಗೆ ಅದು ಥಾಮಸ್ ಕ್ಯಾಂಬೆಲ್ ಬರೆದ ಸ್ಕಾಟ್ಲೆಂಡಿನ ಲಾರ್ಡ್ ಅಲಿನ್ನನ ಮಗಳ ಕಥೆ ಎಂದು ಗೊತ್ತಿತ್ತು? ಲಾರ್ಡ್ ಹೆಗ್ಗಡೆಯಾದ, ನೀರು ನಮ್ಮ ನೀರಾಯಿತು, ಅಂಬಿಗ ನಮ್ಮ ಅಂಬಿಗನಾದ. ಪರದೇಶದ ವಾಸನೆ ಸ್ವಲ್ಪವೂ ಉಳಿಯಲಿಲ್ಲ. ಬೆಳಕನ್ನು ಕೈಹಿಡಿದು ನಡೆಸೆಂದು ಬೇಡುವ, ಕಾರ್ಡಿನಲ್ ನ್ಯೂಮನ್ ಬರೆದ ಪ್ರಾರ್ಥನೆಯೂ ಇವರ ಕೈಯಲ್ಲಿ ಕನ್ನಡವಾಗಿ, ಈಗಲೂ ಎಷ್ಟೋ ಶಾಲೆಗಳಲ್ಲಿ, ಸಭೆಗಳಲ್ಲಿ ಕೇಳುತ್ತದೆ. ಅದು ಒಬ್ಬ ಇಂಗ್ಲಿಷ್ ಪಾದ್ರಿಯ ಹಾಡು ಎಂದು ಯಾರಿಗೂ ಅನ್ನಿಸುವುದಿಲ್ಲ.

ಗೀತೆಗಳ ನಂತರ ಅವರ ಮನಸ್ಸು ಹರಿದದ್ದು ನಾಟಕದ ಕಡೆಗೆ, ಅದರಲ್ಲೂ ಗ್ರೀಕರ ಟ್ರಾಜಿಡಿಯ ಕಡೆಗೆ. ಅದನ್ನು ಕನ್ನಡದಲ್ಲಿ ರುದ್ರನಾಟಕ ಎಂದು ಕರೆದರು. ಸಂಸ್ಕೃತದ ನಾಟಕ ಸಾಮಾನ್ಯವಾಗಿ ಮಂಗಳದಲ್ಲೇ ಮುಗಿಯಬೇಕು. ಅಗಲಿದವರು ಕೂಡಬೇಕು, ರಾಜನಿಗೆ ಪಟ್ಟ ಸಿಗಬೇಕು. ಗ್ರೀಕರಲ್ಲಿ ಹಾಗಲ್ಲ. ದೊಡ್ಡವನೊಬ್ಬ ತನ್ನ ದೊಡ್ಡತನದ ಒಳಗೇ ಇರುವ ಒಂದು ಬಿರುಕಿನಿಂದ ನಾಶವಾಗುತ್ತಾನೆ, ನೋಡುವವರು ಬೆದರಿ ಮರುಗುತ್ತಾರೆ. ಇಂಥದ್ದು ನಮ್ಮಲ್ಲಿ ಇಲ್ಲವೇ ಎಂದು ಶ್ರೀಯವರು ಹುಡುಕಿದರು. ಸಿಕ್ಕಿದ್ದು ರನ್ನನ 'ಗದಾಯುದ್ಧ'. ಸುಮಾರು ಸಾವಿರ ವರ್ಷ ಹಿಂದಿನ ಆ ಕಾವ್ಯದಲ್ಲಿ ನಾಯಕ ಭೀಮ, ಆದರೆ ಓದುವವರ ಕರುಳು ಹಿಡಿಯುವವನು ದುರ್ಯೋಧನ. ರಣರಂಗದ ಹೆಣಗಳ ನಡುವೆ ಅವನು ನಡೆಯುತ್ತ, ತಮ್ಮನ ಮುಂದೆ, ಗೆಳೆಯ ಕರ್ಣನ ಮುಂದೆ, ವೈರಿಯ ಮಗ ಅಭಿಮನ್ಯುವಿನ ಮುಂದೂ ನಿಲ್ಲುತ್ತಾನೆ. ಶ್ರೀಯವರು ಬಹುಮಟ್ಟಿಗೆ ರನ್ನನ ಮಾತನ್ನೇ ತೆಗೆದು, ಹೊಂದಿಸಿ, 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು. ಅದರಲ್ಲಿ ದುರಂತ ನಾಯಕ ದುರ್ಯೋಧನನೇ. ಗ್ರೀಕರನ್ನು ಓದಿದ ಕಣ್ಣು ಹಳೆಯ ಕನ್ನಡ ಕಾವ್ಯದೊಳಗೆ ಮೊದಲೇ ಇದ್ದದ್ದನ್ನು ಕಂಡುಹಿಡಿಯಿತು.

ಮೂರು ವರ್ಷದ ನಂತರ 'ಅಶ್ವತ್ಥಾಮನ್'. ಇದಕ್ಕೆ ಮೂಲ ಸೊಫೊಕ್ಲಿಸ್ ಬರೆದ 'ಅಜಾಕ್ಸ್'. ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಮನೆಯಲ್ಲಿ ಮಕ್ಕಳಿಗೆ ಹೇಳಲು ಬರುತ್ತದೆ. ಟ್ರಾಯ್ ಯುದ್ಧದಲ್ಲಿ ಗ್ರೀಕರ ಮಹಾವೀರ ಅಕಿಲಿಸ್ ಸತ್ತ. ಅವನ ಆಯುಧಗಳು ಯಾರಿಗೆ ಸೇರಬೇಕು? ಪರಾಕ್ರಮದಲ್ಲಿ ಮುಂದಿನವನು ಅಜಾಕ್ಸ್, ತನಗೇ ಎಂದುಕೊಂಡಿದ್ದ. ನಾಯಕರು ಜಾಣ ಓಡಿಸ್ಸಿಯಸ್‌ಗೆ ಕೊಟ್ಟುಬಿಟ್ಟರು. ಅವಮಾನದಿಂದ ಕುದಿದ ಅಜಾಕ್ಸ್ ರಾತ್ರಿ ಕತ್ತಿ ಹಿಡಿದು ಆ ನಾಯಕರನ್ನೆಲ್ಲ ಕೊಲ್ಲಲು ಹೊರಟ. ಅಥೀನಾ ದೇವಿ ಅವನಿಗೆ ಹುಚ್ಚು ಹಿಡಿಸಿದಳು. ಶತ್ರುಗಳೆಂದುಕೊಂಡು ಅವನು ಕತ್ತರಿಸಿದ್ದು ದನಕುರಿಗಳನ್ನು. ಬೆಳಗಾಯಿತು, ಭ್ರಮೆ ಹರಿಯಿತು, ಸುತ್ತ ಏನಿದೆ ಎಂದು ಕಂಡಿತು. ಆ ನಾಚಿಕೆಯನ್ನು ಹೊತ್ತು ಬದುಕಲಾರದೆ ಹೆಂಡತಿ ಮಗನನ್ನು ಬಿಟ್ಟು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ. ನಾಟಕ ಅಲ್ಲಿಗೆ ನಿಲ್ಲುವುದಿಲ್ಲ. ಅವನ ಹೆಣಕ್ಕೆ ಸಂಸ್ಕಾರ ಆಗಬೇಕೋ ಬೇಡವೋ ಎಂದು ದೊಡ್ಡ ಜಗಳ ನಡೆಯುತ್ತದೆ. ಕೊನೆಗೆ ಸತ್ತವನ ಪರವಾಗಿ ಮಾತಾಡುವವನು ಅವನ ವೈರಿ ಓಡಿಸ್ಸಿಯಸ್ಸೇ.

ಈಗ ನಮ್ಮ ಕಥೆ. ಮಹಾಭಾರತದ ಹದಿನೆಂಟನೇ ದಿನ ಮುಗಿದಿದೆ. ತೊಡೆ ಮುರಿದು ಬಿದ್ದ ದುರ್ಯೋಧನನಿಗೆ ಮಾತು ಕೊಟ್ಟ ಅಶ್ವತ್ಥಾಮ, ತಂದೆ ದ್ರೋಣನನ್ನು ಮೋಸದಿಂದ ಕೊಂದವರ ಮೇಲೆ ಸೇಡು ತೀರಿಸಲು ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗುತ್ತಾನೆ. ಮಲಗಿದ್ದವರನ್ನು ಕೊಲ್ಲುತ್ತಾನೆ, ದ್ರೌಪದಿಯ ಐದು ಮಕ್ಕಳನ್ನೂ. ಪಾಂಡವರೆಂದೇ ತಿಳಿದು ಎಳೆಯರನ್ನು ಕೊಂದ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಮೈ ಜುಮ್ಮೆನ್ನುತ್ತದೆ: ರಾತ್ರಿ, ಕತ್ತಿ, ಅವಮಾನದ ಉರಿ, ತಪ್ಪಿದ ಗುರಿ, ಬೆಳಗಿನ ಬೆಳಕು. ಟ್ರಾಯ್ ಮತ್ತು ಕುರುಕ್ಷೇತ್ರದ ನಡುವಿನ ಈ ಸೇತುವೆಯನ್ನು ಶ್ರೀಯವರು ಕಂಡರು. ಅಜಾಕ್ಸನ ಚೌಕಟ್ಟಿನೊಳಗೆ ಅಶ್ವತ್ಥಾಮನನ್ನು ನಿಲ್ಲಿಸಿದರು. ಮಹಾಭಾರತ ಅವನಿಗೊಂದು ಸಂಸಾರವನ್ನು ಕೊಟ್ಟು ಕತೆ ಬೆಳೆಸಲಿಲ್ಲ. ಇಲ್ಲಿ ಅವನಿಗೆ ಭಾರ್ಗವಿ ಎಂಬ ಹೆಂಡತಿ ಇದ್ದಾಳೆ.

ಆದರೆ ಆ ಚೌಕಟ್ಟಿಗೆ ಕೂರಬೇಕಾದರೆ ಅಶ್ವತ್ಥಾಮ ಸಾಯಬೇಕು. ಅದೇ ದೊಡ್ಡ ತೊಡಕು. ಅವನು ಚಿರಂಜೀವಿ. ಬೆಳಿಗ್ಗೆ ಎದ್ದು ಸ್ಮರಿಸುವ ಏಳು ಚಿರಂಜೀವಿಗಳಲ್ಲಿ, ಬಲಿ, ವ್ಯಾಸ, ಹನುಮಂತರ ಜೊತೆಗೆ, ಅವನ ಹೆಸರೇ ಮೊದಲು. ಹಣೆಯ ಮಣಿ ಕಳೆದುಕೊಂಡು, ಕೃಷ್ಣನ ಶಾಪ ಹೊತ್ತು, ಮೂರು ಸಾವಿರ ವರ್ಷ ಅಲೆಯಬೇಕಾದವನು. ಅವನನ್ನು ನಾಟಕದಲ್ಲಿ ತನ್ನ ಕೈಯಿಂದಲೇ ಸಾಯುವಂತೆ ಮಾಡಿದ್ದು ಹಲವರಿಗೆ ಸಹಿಸಲಿಲ್ಲ. ಪುರಾಣ ತಿರುಚಿದರು ಎಂಬ ಆಕ್ಷೇಪ ಬಂತು. ಗ್ರೀಕ್ ಅಂಗಿಗಾಗಿ ನಮ್ಮ ವೀರನ ಕೈಕಾಲು ಕತ್ತರಿಸಿದರು ಎಂಬ ಅರ್ಥದ ಟೀಕೆ ವಿಮರ್ಶೆಯಲ್ಲಿ ಇಂದಿಗೂ ಇದೆ.

ಆಕ್ಷೇಪದಲ್ಲಿ ಹುರುಳಿದೆ. ಸಾವೇ ಬಾರದಿರುವುದು ಅಶ್ವತ್ಥಾಮನಿಗೆ ಸಿಕ್ಕ ಶಿಕ್ಷೆ. ಅದು ಸಾವಿಗಿಂತ ಘೋರ. ಅದನ್ನು ತೆಗೆದರೆ ಕಥೆ ಎಲ್ಲೋ ಹಗುರವಾಗುತ್ತದೆ ಎಂದು ನನಗೂ ಅನ್ನಿಸಿದೆ. ಆದರೂ ಶ್ರೀಯವರು ಮಾಡಿದ್ದು ಕನ್ನಡಕ್ಕೆ ಹೊಸದಲ್ಲ. ಡೆಟ್ರಾಯಿಟ್‌ನ ನಮ್ಮ ಬಂಧುಗಳು ತಮ್ಮ ಕೂಟಕ್ಕೆ ಇಟ್ಟುಕೊಂಡಿರುವುದು ಪಂಪನ ಹೆಸರನ್ನು. ಆ ಪಂಪ ಹತ್ತನೇ ಶತಮಾನದಲ್ಲಿ ಮಹಾಭಾರತ ಬರೆಯುವಾಗ ದ್ರೌಪದಿಯನ್ನು ಅರ್ಜುನ ಒಬ್ಬನ ಹೆಂಡತಿಯಾಗಿ ಮಾಡಿದ, ಕೊನೆಗೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿದ. ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಬೇಕಿತ್ತು, ಅದಕ್ಕೆ. ಕಥೆಯನ್ನು ತಿರುಗಿಸುವುದೇ ದ್ರೋಹ ಎನ್ನುವುದಾದರೆ ಆದಿಕವಿಯೇ ಮೊದಲ ದ್ರೋಹಿ. ತಿರುಗಿಸಿದ್ದು ಯಾಕೆ, ತಿರುಗಿಸಿದ ಮೇಲೆ ನಮಗೆ ಹೊಸದಾಗಿ ಏನು ಕಂಡಿತು ಎಂದು ಕೇಳಬೇಕು. ಅಶ್ವತ್ಥಾಮನನ್ನು ನಾವು ಎಳೆಯರ ಕೊಲೆಗಾರ ಎಂದು ಮಾತ್ರ ನೋಡುತ್ತಿದ್ದೆವು. ಶ್ರೀಯವರ ನಾಟಕದ ನಂತರ ಅವನ ಬೆಳಗಿನ ಮುಖವೂ ಕಾಣುತ್ತದೆ.

ನಮ್ಮ ಮಕ್ಕಳು ಇಂಥ ಪ್ರಶ್ನೆಗಳಿಗೆ ಚೆನ್ನಾಗಿ ಒದಗುತ್ತಾರೆ. ಪರ್ಸಿ ಜಾಕ್ಸನ್ ಓದಿದ ಮಗುವಿಗೆ ಮೂಲ ಪುರಾಣ ಒಂದು, ಲೇಖಕ ಬದಲಿಸಿದ್ದು ಒಂದು ಎಂಬುದು ಆಗಲೇ ಗೊತ್ತು. ರಿಯೊರ್ಡನ್ ಹೆಸರಿನ ಪ್ರಕಾಶನ ಮಾಲೆಯಲ್ಲೇ 2018ರಲ್ಲಿ ರೋಶನಿ ಚೋಕ್ಸಿ ಅವರ ಅರು ಶಾ ಕಥೆ ಬಂತು, ಅದರಲ್ಲಿ ಪಾಂಡವರ ಆತ್ಮ ಹೊತ್ತವರು ಅಮೆರಿಕದ ಶಾಲೆಗೆ ಹೋಗುವ ಹುಡುಗಿಯರು. ಅಂದರೆ ನಮ್ಮ ಮಹಾಭಾರತವೂ ಆ ಹಾದಿ ಹಿಡಿದಿದೆ, ಇಂಗ್ಲಿಷಿನಲ್ಲಿ. ಶ್ರೀಯವರ ಹಾದಿ ಎದುರು ದಿಕ್ಕಿನದು. ಅಲ್ಲಿಂದ ಕನ್ನಡಕ್ಕೆ. ಶಾಲೆ ಮುಗಿಸಿ ಹೋಗುತ್ತಿರುವ ನಮ್ಮ ಮಕ್ಕಳಲ್ಲಿ ಆ ದಿಕ್ಕಿಗೆ ಒಬ್ಬರಾದರೂ ತಿರುಗುತ್ತಾರೆಯೇ ಎಂಬುದು ಶಿಕ್ಷಕರಾದ ನಮ್ಮನ್ನು ಪ್ರತಿ ವರ್ಷ ಈ ಹೊತ್ತಿಗೆ ಕಾಡುವ ಮಾತು.

ಒಂದು ಎಚ್ಚರಿಕೆ. 'ಅಶ್ವತ್ಥಾಮನ್' ನಾಟಕವನ್ನು ತಂದು ಮಗುವಿನ ಕೈಗೆ ನೇರ ಕೊಡಬೇಡಿ. ಅದರ ಭಾಷೆ ಹಳಗನ್ನಡದ ಮಗ್ಗುಲಿನದು, ದೊಡ್ಡವರಿಗೇ ನಿಘಂಟು ಬೇಕು. ಆಡುಮಾತಿಗಾಗಿ ವಾದಿಸಿದವರೇ ಗ್ರೀಕ್ ನಾಟಕದ ಗಾಂಭೀರ್ಯಕ್ಕೆ ಹಳೆಯ ನುಡಿಯೇ ಬೇಕೆಂದುಕೊಂಡದ್ದು ವಿಚಿತ್ರ ಅನ್ನಿಸಬಹುದು. ಆ ಭಾಷೆಯಿಂದಾಗಿ ನಾಟಕ ರಂಗಕ್ಕಿಂತ ಪುಸ್ತಕದಲ್ಲೇ ಹೆಚ್ಚು ಉಳಿಯಿತು ಎಂದರೆ ಅವರಿಗೆ ಅಗೌರವವಲ್ಲ. ಕಥೆಯನ್ನು ನೀವು ಓದಿಕೊಂಡು ನಿಮ್ಮ ಮಾತಿನಲ್ಲಿ ಹೇಳಿ. ಮೊದಲು ಅಜಾಕ್ಸನದು, ಆಮೇಲೆ ಅಶ್ವತ್ಥಾಮನದು.

1935ರಲ್ಲಿ ಮೂರನೆಯ ನಾಟಕ 'ಪಾರಸಿಕರು' ಬಂತು. ಇದು ಈಸ್ಕಿಲಸನ ನಾಟಕದ ಕನ್ನಡ. ಮೂಲ ರಂಗಕ್ಕೆ ಬಂದದ್ದು ಕ್ರಿಸ್ತಪೂರ್ವ 472ರಲ್ಲಿ, ಸಲಾಮಿಸ್ ಕಡಲ ಯುದ್ಧ ನಡೆದು ಎಂಟು ವರ್ಷಕ್ಕೆ. ನಮಗೆ ಉಳಿದುಬಂದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಪುರಾಣ ಬಿಟ್ಟು ತಮ್ಮ ಕಾಲದ ಘಟನೆಯನ್ನೇ ಹಿಡಿದದ್ದು ಇದೊಂದೇ. ಗೆದ್ದವರು ಗ್ರೀಕರು, ಆದರೆ ನಾಟಕ ನಡೆಯುವುದು ಸೋತ ಪಾರಸಿಕರ ಅರಮನೆಯಲ್ಲಿ. ಮಗ ಕ್ಸರ್ಕ್ಸಿಸ್‌ಗಾಗಿ ಕಾಯುವ ರಾಜಮಾತೆಯ ಸಂಕಟವನ್ನು ಗೆದ್ದ ಊರಿನ ಜನ ಕೂತು ನೋಡಿದರು. ಪರಕೀಯರ ಆಳ್ವಿಕೆಯಲ್ಲಿದ್ದ ನಾಡಿನ ಮೇಷ್ಟರೊಬ್ಬರು ಇದನ್ನು ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ.

ಇಷ್ಟು ಬರೆಯುತ್ತಲೇ ಅವರು ಕೈತುಂಬ ಕಚೇರಿ ಕೆಲಸ ಮಾಡಿದರು. 1926ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್. ಆ ಅವಧಿಯಲ್ಲೇ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಶುರುವಾಯಿತು. ಕನ್ನಡದಲ್ಲಿ ಎಂ.ಎ. ಮಾಡಲು ಏನಿದೆ ಎಂದು ಮೂಗು ಮುರಿಯುವವರಿದ್ದ ಕಾಲ ಅದು. ಆ ತರಗತಿಯಿಂದ ಹೊರಬಂದವರಲ್ಲಿ ಕುವೆಂಪು ಒಬ್ಬರು, ಡಿ.ಎಲ್. ನರಸಿಂಹಾಚಾರ್ ಒಬ್ಬರು. ಕನ್ನಡ ಕಲಿಸಿದ ಟಿ.ಎಸ್. ವೆಂಕಣ್ಣಯ್ಯನವರ ಪಾಲೂ ಇದರಲ್ಲಿ ದೊಡ್ಡದು. ಎಸ್.ವಿ. ರಂಗಣ್ಣ, ಎ.ಎನ್. ಮೂರ್ತಿರಾಯರಂಥ ಇಂಗ್ಲಿಷ್ ಅಧ್ಯಾಪಕರು ಕನ್ನಡದಲ್ಲಿ ಬರೆಯುವುದನ್ನು ಅಭ್ಯಾಸ ಮಾಡಿಕೊಂಡದ್ದೂ ಈ ಗಾಳಿಯಲ್ಲೇ. ಹುಡುಗರನ್ನು ಬೆಳೆಸಿದ ಈ ಗುಣಕ್ಕೆ ಜನ ಅವರನ್ನು ಕನ್ನಡದ ಕಣ್ವ ಎಂದರು. ಹೆತ್ತದ್ದು ತಾನಲ್ಲದಿದ್ದರೂ ಶಕುಂತಲೆಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿ ಕಳಿಸಿದವನು ಕಣ್ವ. ವಾರದ ಕೊನೆಯಲ್ಲಿ ಬೇರೆಯವರ ಮಕ್ಕಳಿಗೆ ಅಕ್ಷರ ತಿದ್ದಿಸುವ ನಮ್ಮ ಶಿಕ್ಷಕಿಯರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಆ ಮಹಾರಾಜ ಕಾಲೇಜಿನಿಂದ ಶಿಕಾಗೊಗೂ ಒಂದು ದಾರಿ ಬಂತು. 'ಅಶ್ವತ್ಥಾಮನ್' ಬಂದ 1929ರಲ್ಲೇ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅಲ್ಲೇ ಇಂಗ್ಲಿಷ್ ಓದಿ, ಮುಂದೆ ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ 1993ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದರು. ಗ್ರೀಕರ ಈಡಿಪಸ್ ಕಥೆಗೆ ಭಾರತದಲ್ಲಿ ಸಮನಾದದ್ದು ಏನಿದೆ ಎಂದು ಅವರು ಬರೆದ ಪ್ರಸಿದ್ಧ ಪ್ರಬಂಧ ನಿಂತಿರುವುದು ಕನ್ನಡದ ಒಂದು ಜಾನಪದ ಕಥೆಯ ಮೇಲೆ. ಅಲ್ಲಿ ವಿಧಿಯ ಹೊಡೆತವನ್ನು ಹೇಳುವುದು ತಾಯಿಯ ಕಡೆಯಿಂದ. ನಾಟಕದಲ್ಲಿ ಪಿ. ಲಂಕೇಶರು ಸೊಫೊಕ್ಲಿಸನ ಈಡಿಪಸ್ಸನನ್ನೂ ಅಂತಿಗೊನೆಯನ್ನೂ ಕನ್ನಡಕ್ಕೆ ತಂದರು, ಅದೂ ಇವತ್ತಿನ ಕನ್ನಡದಲ್ಲಿ.

1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಯವರೇ ಅಧ್ಯಕ್ಷರು. ನಿಜಾಮರ ಆಳ್ವಿಕೆ, ಕಚೇರಿಯೂ ಶಾಲೆಯೂ ಉರ್ದುವಿನಲ್ಲಿ. ಕನ್ನಡ ಮಂಕಾಗಿದ್ದ ಜಾಗಕ್ಕೇ ಹೋಗಿ ಕನ್ನಡದ ಸಭೆ ನಡೆಸುವುದರ ಬೆಲೆ ಏನೆಂದು, ಚಳಿಗಾಲದ ಹಿಮ ಗೋರಿಕೊಂಡು ರಾಜ್ಯೋತ್ಸವದ ನಾಟಕಕ್ಕೆ ಹಾಲ್ ಹುಡುಕುವ ನಮಗೆ ಸ್ವಲ್ಪ ಗೊತ್ತು. 1938ರಲ್ಲಿ ಮೈಸೂರು ಮಹಾರಾಜರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದು ಕೊಟ್ಟರು. ಅದೇ ವರ್ಷ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅದರ ಆಡಳಿತ ಕೈಗೆತ್ತಿಕೊಂಡರು. ಆಗಿನ ನಿಯಮದಂತೆ ನಿಜವಾದ ಕೆಲಸ ಉಪಾಧ್ಯಕ್ಷರದೇ. ಅವರ ಕಾಲದಲ್ಲಿ ಪರಿಷತ್ತಿನ 'ಕನ್ನಡ ನುಡಿ' ಪತ್ರಿಕೆ ಹೊರಟಿತು. ಕಾಲೇಜು ಮೆಟ್ಟಿಲು ಹತ್ತದವರೂ, ಬೇರೆ ಭಾಷೆಯ ಸೀಮೆಯಲ್ಲಿ ಬೆಳೆದವರೂ ಕನ್ನಡ ಕಲಿತು ಒಂದು ಪ್ರಮಾಣಪತ್ರ ಪಡೆಯಲಿ ಎಂದು ಕಾವ, ಜಾಣ ಪರೀಕ್ಷೆಗಳು ಶುರುವಾದವು. ಹೆಸರುಗಳನ್ನು ನೋಡಿ, ಎಷ್ಟು ಅಚ್ಚ ಕನ್ನಡ. ಇವತ್ತು ನಮ್ಮ ಮಕ್ಕಳ ಕೈಗೆ ಕೊಡುತ್ತಿರುವ ಪ್ರಮಾಣಪತ್ರದ ಹಿರಿಯಕ್ಕಂದಿರು ಇವೇ.

1930ರ ನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು 1942ರಲ್ಲಿ ನಿವೃತ್ತರಾದರು. ಅದಕ್ಕೆ ಒಂದು ವರ್ಷ ಮುಂಚೆ ಶಿಷ್ಯರು, ಗೆಳೆಯರು ಸೇರಿ 'ಸಂಭಾವನೆ' ಎಂಬ ಗ್ರಂಥವನ್ನು ಅವರಿಗೆ ಅರ್ಪಿಸಿದ್ದರು. ಸ್ವಂತ ಕವನಗಳ ಸ್ವಲ್ಪ ತೆಳ್ಳಗಿನ ಸಂಗ್ರಹ 'ಹೊಂಗನಸುಗಳು' 1943ರಲ್ಲಿ ಬಂತು. ಇತರರಿಗೆ ದಾರಿ ಮಾಡುವುದರಲ್ಲೇ ಹೊತ್ತು ಕಳೆದವರು ತಮಗಾಗಿ ಬರೆದುಕೊಂಡದ್ದು ಕಡಿಮೆ.

ನಿವೃತ್ತಿಯ ನಂತರ ಮನೆಯಲ್ಲಿ ಕೂರಲಿಲ್ಲ. ಧಾರವಾಡದಲ್ಲಿ ಕೆ.ಇ. ಬೋರ್ಡ್ ಹೊಸದಾಗಿ ತೆರೆದ ಕಲಾ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಆಗ ವಯಸ್ಸು ಅರವತ್ತು. 27ರ ಹರೆಯದಲ್ಲಿ ಕನ್ನಡ ತಲೆ ಎತ್ತುವ ಬಗೆಯನ್ನು ಹೇಳಿದ ಊರು ಅದೇ. ಅಲ್ಲಿಯೇ 1946ರ ಜನವರಿ 5ರಂದು ತೀರಿಕೊಂಡರು, 62 ತುಂಬಿ ಎರಡು ದಿನಕ್ಕೆ. ಬರೆಯುತ್ತಿದ್ದ ಕನ್ನಡ ಸಾಹಿತ್ಯ ಚರಿತ್ರೆ ಅವರು ಹೋದ ಮೇಲೆ ಅಚ್ಚಾಯಿತು. ಅವರ ಹೆಸರಿನ ಪ್ರತಿಷ್ಠಾನವನ್ನು ಶಿಷ್ಯ ಎಂ.ವಿ. ಸೀತಾರಾಮಯ್ಯನವರು ಬೆಂಗಳೂರಿನಲ್ಲಿ ಕಟ್ಟಿದರು. ಮೈಸೂರು, ಧಾರವಾಡ, ಕಲಬುರಗಿ ಒಂದೇ ನಾಡಾದದ್ದು ಅವರು ಹೋಗಿ ಹತ್ತು ವರ್ಷದ ಮೇಲೆ, 1956ರ ನವೆಂಬರ್ 1ರಂದು.